ನಗು ಬಿಟ್ಟ ಖಳನಾಯಕ

ಪಾರ್ಮಾ,
೯ ಫೆಬ್ರವರಿ ೧೯೫೬

ಪ್ರೀತಿಯ ಮಗಳು ಎರ್ಸಿಲಿಯಾಳಿಗೆ,

ಕ್ರೆಮೋನಾದಲ್ಲಿ ನೀನೂ ಚಿಕ್ಕಮ್ಮನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡಮಾಡಿದ್ದಕ್ಕೆ ಕ್ಷಮಿಸು. ಗಂಟಲು ಕಟ್ಟಿತ್ತು ಎಂದು ನೆಪ ಹೇಳಲು ಹೊರಟೆ. ಗಂಟಲಿನಿಂದ ಯಾರಾದರೂ ಕಾಗದ ಬರೆಯುತ್ತಾರೆಯೇ! ಏನು ಬರೆಯಬೇಕೆಂದು ತೋಚಲಿಲ್ಲ, ಅದೇ ನಿಜ.

ಮದುವೆಯ ಸುದ್ದಿ ಓದಿ ಸಂತೋಷವಾಯಿತು. ಚರ್ಚಿನಲ್ಲಿ ಅಪ್ಪನ ಜಾಗದಲ್ಲಿ ನಿಂತು ನಿನ್ನನ್ನು ಕೈಹಿಡಿದು ನಡೆಸಿಕೊಂಡು ಹೋಗಲು ಫಿಯೊರೆಂಜೊ ಮಾಮನನ್ನು ಕೇಳಿದ್ದೀಯಂತೆ. "ಅಪ್ಪ, ತಪ್ಪು ತಿಳಿಯಬೇಡ" ಎಂದೂ ಬರೆದಿದ್ದೀಯ. ತಪ್ಪು ತಿಳಿದಿಲ್ಲ ಮಗಳೇ, ನೋವಾಯಿತು. ಮೂವತ್ತು ವರ್ಷ ನಾನೂ ಅವನೂ ಒಂದೇ ವೇದಿಕೆಯಲ್ಲಿ ಹಾಡಿದೆವು, ಪ್ರತಿಸಲವೂ ಹುಡುಗಿ ಒಲಿದದ್ದು ಅವನಿಗೇ. ಏರುದನಿಯವನು ನಾಯಕ, ಮಂದ್ರದವನು ಖಳ. ನಮ್ಮ ಒಪೆರಾದಲ್ಲಿ ದೇವರು ಹಣೆಬರಹವನ್ನು ಗಂಟಲಲ್ಲೇ ಬರೆದು ಕಳಿಸುತ್ತಾನೆ.

ಇಲ್ಲಿ ಎಲ್ಲ ಎಂದಿನಂತೆ. ಚೀಸ್ ಅಂಗಡಿಯ ಇಯೋಲೆ ನಿನ್ನೆಯೂ ಬೈದಳು.

"ಥೂ ಪಾಪಿ! ಆ ಹುಡುಗೀಗೆ ವಿಷ ಹಾಕೋಕೆ ಹೆಂಗಾದ್ರೂ ಮನಸ್ಸು ಬಂತೋ ನಿಂಗೆ?"

"ಹಾಕ್ದೇ ಇದ್ರೆ ನೀವೆಲ್ಲ ಮೂರನೇ ಅಂಕಕ್ಕೇ ಎದ್ದು ಮನೇಗ್ ಹೋಗ್ಬೇಕಿತ್ತು ಕಣೇ."

"ಸಾಕು ಸುಮ್ನಿರು! ಬೇರೆಯವ್ರು ಹಹ್ಹಹ್ಹಾ ಅಂತ ನಕ್ಕೊಂಡು ಹಾಕ್ತಾರೆ, ನೋಡಿ ನಮಗೇ ನಗು ಬರತ್ತೆ. ನೀನು ನಗ್ದೇನೇ ಹಾಕ್ತೀಯಲ್ಲ, ಮೈ ಜುಮ್ ಅನ್ನತ್ತಪ್ಪ!" ಎಂದು ಒಳ್ಳೆಯ ತುಂಡನ್ನೇ ಕತ್ತರಿಸಿಕೊಟ್ಟಳು.

ನಮ್ಮ ರಂಗಮಂದಿರದ ಮೇಲಿನ ಗ್ಯಾಲರಿಯಲ್ಲಿ ಕೂರುವವರೂ ಅದನ್ನೇ ಹೊಗಳುತ್ತಾರೆ. ಒಂದು ಸ್ವರ ಜಾರಿದರೂ ಮಾನ ಕಳೆಯುವ ಜನ ಅವರು. ನಗದ ಖಳನನ್ನು ಯಾವ ಗುರು ಕಲಿಸಿದರು ಎಂದು ಹೊಸ ಹುಡುಗರು ಕೇಳುತ್ತಾರೆ. ಖಳನಿಗೆ ತಾನು ಖಳನೆಂದು ಗೊತ್ತಿರಬಾರದು, ಅವನೂ ಪ್ರೀತಿಯನ್ನೇ ಬೇಡುತ್ತಿರುತ್ತಾನೆ ಎಂದು ಹೇಳಿ ಕಳಿಸುತ್ತೇನೆ. ಅದು ಅರ್ಧ ಉತ್ತರ ಮಾತ್ರ.

ಮದುವೆಗೆ ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಮ್ಮನ ಹವಳದ ಸರ ಕಳಿಸಿದ್ದೇನೆ, ಹಾಕಿಕೋ. ನಿಧಾನ ನಡೆಯಲು ಫಿಯೊರೆಂಜೊಗೆ ಹೇಳು, ಅವನು ಯಾವತ್ತೂ ತಾಳಕ್ಕಿಂತ ಮುಂದೆ ಓಡುವವನು. ನೀನೂ ನಿನ್ನ ಹುಡುಗನೂ ನೂರ್ಕಾಲ ನಗುನಗುತ್ತಾ ಬಾಳಿ.

ನಿನ್ನ ಅಪ್ಪ,
ಎಜಿದಿಯೊ

ತಾ.ಕ.: ಇದು ಮರೆತು ಬಿಟ್ಟ ಮಾತಲ್ಲ, ಬರೆಯಲು ಧೈರ್ಯವಿರಲಿಲ್ಲ. ಆಗ ನಿನಗೆ ಆರು ವರ್ಷ. ನಾಟಕದಲ್ಲಿ ನಾನು ವಿಷ ಹಾಕಿದ್ದನ್ನು ನೀನು ನೋಡಿದ್ದೆ. ಅದೇ ತಿಂಗಳು ಅಮ್ಮ ಜ್ವರದಲ್ಲಿ ತೀರಿಕೊಂಡಳು. ನಾಲ್ಕನೆಯ ದಿನ ನಾನು ಮತ್ತೆ ಕಪ್ಪು ಗಡ್ಡ ಅಂಟಿಸಿಕೊಂಡು ವೇಷದ ಕೋಣೆಯಲ್ಲಿ ಕುಳಿತಿದ್ದಾಗ ನೀನು ಬಂದು ಕೇಳಿದೆ: "ಅಪ್ಪ, ಅಮ್ಮಂಗೂ ನೀನೇ ವಿಷ ಹಾಕಿದ್ಯಾ?" ಮನೆಯಲ್ಲಿ ನಾನು ಖಳನ ನಗು ನಕ್ಕರೆ ನೀನು ಬಿದ್ದು ಬಿದ್ದು ನಗುತ್ತಿದ್ದೆಯಲ್ಲ, ನಿನ್ನನ್ನು ನಗಿಸೋಣವೆಂದು ಅದನ್ನೇ ನಕ್ಕುಬಿಟ್ಟೆ. ಬುದ್ಧಿ ಎಲ್ಲಿ ಹೋಗಿತ್ತೋ! ನೀನು ನಗಲಿಲ್ಲ. ಹಿಂದೆ ಹಿಂದೆ ಸರಿದು, ಬಾಗಿಲಲ್ಲಿ ನಿಂತಿದ್ದ ಫಿಯೊರೆಂಜೊನ ಕೈ ಹಿಡಿದುಕೊಂಡೆ. ಅಂದಿನಿಂದ ಆ ನಗು ನನಗೆ ಬಂದಿಲ್ಲ. ನೀನು ಕೇಳಿದ್ದಕ್ಕೆ ಇಪ್ಪತ್ತು ವರ್ಷ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಇಲ್ಲ ಕಂದ, ನಾನು ಹಾಕಲಿಲ್ಲ.