ಹನ್ನೊಂದನೆಯದಾಗಿ ಉಳಿದ ಎಮ್ಮೆ ಪದ

ಕೇಳುಮನೆ, ಬಂಕಾಪುರ
ಫೆಬ್ರವರಿ 30, ಕ್ರಿ.ಶ. 2291

ಕ್ಯಾಸೆಟ್ ಕಾಲದ ಕಲಾರಸಿಕರೇ, ಪಟ್ಟಿ ಕಟ್ಟುವುದರಲ್ಲಿ ಗಟ್ಟಿಗರೇ, ಚಹಾ ಬರುವ ತನಕ ಚರ್ಚೆ, ಚಹಾ ಬಂದ ಮೇಲೆ ಚೂಡಾ ಎಂಬ ಘನ ಸಂಪ್ರದಾಯದ ಸ್ಥಾಪಕರೇ, ಫಕೀರವ್ವ ಹಿರೇಕೊಪ್ಪ ಅಭಿಮಾನಿ ಬಳಗದ ಹದಿನಾಲ್ಕು ಮಂದಿ ಮಹನೀಯರೇ,

ಮೊದಲು ತಾರೀಖಿಗಾಗಿ ಕ್ಷಮೆ ಇರಲಿ. ಫೆಬ್ರವರಿಗೆ ಮೂವತ್ತನೆಯ ದಿನ ನಿಮ್ಮಲ್ಲಿ ಇರಲಿಲ್ಲವೆಂದು ಓದಿದ್ದೇನೆ. ಕಚೇರಿಯ ಬಾಕಿ ಕೆಲಸ ಮುಗಿಯಲೆಂದು ಹಿಂದೊಬ್ಬ ಅಧಿಕಾರಿ ಆ ತಿಂಗಳಿಗೆ ಎರಡು ದಿನ ಸೇರಿಸಿದ. ಬಾಕಿಯೂ ಎರಡು ದಿನದಷ್ಟು ಬೆಳೆಯಿತು. ಇನ್ನು ಭಾಷೆ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಒಂದು ಸಭೆಯ ಧ್ವನಿಮುದ್ರಣದಿಂದ. ಹೀಗಾಗಿ ನಡುನಡುವೆ ಬೇಡದ ಪ್ರಾಸ ನುಸುಳಿದರೆ ಅದು ನಿಮ್ಮ ಕಾರ್ಯದರ್ಶಿಯ ಸಹವಾಸದೋಷವೆಂದು ತಿಳಿದು ನನ್ನನ್ನು ಬಿಟ್ಟುಬಿಡಿ.

ನಾನು ಇಲ್ಲಿ ಎರಡನೆಯ ದರ್ಜೆಯ ಕೇಳುಗ. ಕೇಳುಗ ಎಂದರೆ ನಿಮ್ಮಲ್ಲಿ ಹಾಡು ಇಷ್ಟಪಡುವವನು ಎಂದರ್ಥವಂತೆ. ನಮ್ಮಲ್ಲಿ ಅದೊಂದು ನೌಕರಿ. ದಿನಕ್ಕೊಮ್ಮೆ ಫಕೀರವ್ವನವರ ಹತ್ತು ಹಾಡುಗಳನ್ನು ಮೊದಲಿನಿಂದ ಕೊನೆಯ ತನಕ ಕೇಳಿ, ದಾಖಲೆ ಪುಸ್ತಕದಲ್ಲಿ 'ಇವೆ' ಎಂದು ಬರೆದು ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಇವೆ, ಇವೆ, ಇವೆ. ರಜೆ ಹಾಕಿದರೆ ಮರುದಿನ ಎರಡು ಸಲ ಕೇಳಬೇಕು. ಅದಕ್ಕೇ ನಾನು ರಜೆ ಹಾಕುವುದಿಲ್ಲ.

ಹತ್ತೇ ಏಕೆ ಎಂದು ಕೇಳುತ್ತೀರಿ. ಅದಕ್ಕೆ ದಶಕಟ್ಟು ಎನ್ನುತ್ತಾರೆ. ನೀವು ತೆಗೆದ ಫೋಟೋ, ಹಾಡಿದ ಹಾಡು, ಊಟದ ತಟ್ಟೆಯ ವಿಡಿಯೋ ಎಲ್ಲವನ್ನೂ ತುಂಬಿಟ್ಟುಕೊಂಡ ಕಣಜಗಳು ಕಾದು ಕಾದು ಕೆಂಡವಾದವು. ತಂಪು ಮಾಡಲು ಕೆರೆಗಳ ನೀರು ಸಾಲಲಿಲ್ಲ. ಆಗ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು: ಯಾರದೇ ಆಗಲಿ, ಯಾವುದೇ ಆಗಲಿ, ಹತ್ತು ಮಾತ್ರ ಉಳಿಯಲಿ. ಯಾವ ಹತ್ತು ಎಂದು ತೀರ್ಮಾನಿಸುವ ಪುರಸೊತ್ತು ಯಾರಿಗಿತ್ತು? ಅಭಿಮಾನಿಗಳು ಮಾಡಿಟ್ಟ ಪಟ್ಟಿಗಳು ತಯಾರಾಗಿ ಸಿಕ್ಕವು. ಪಟ್ಟಿಯಲ್ಲಿ ಇದ್ದದ್ದು ಉಳಿಯಿತು, ಇಲ್ಲದ್ದು ಅಳಿಯಿತು. ಪಟ್ಟಿ ಕಟ್ಟಿದ ಸಭೆಗಳ ಧ್ವನಿಯನ್ನು ಮಾತ್ರ ದಾಖಲೆ ಎಂದು ಇಡಿಯಾಗಿ ಉಳಿಸಿಕೊಂಡರು. ಹೀಗಾಗಿ ನಮಗೆ ಹಾಡುಗಳಿಗಿಂತ ಹಾಡುಗಳ ಮೇಲಿನ ಜಗಳಗಳೇ ಹೆಚ್ಚು ಗೊತ್ತು.

ಹತ್ತರಲ್ಲಿ ಬದುಕುವುದು ಕಷ್ಟವೇನಲ್ಲ, ಬೇಸರ. ನಮ್ಮಲ್ಲಿ ಹತ್ತು ಪಲ್ಯಗಳಿವೆ; ಹನ್ನೊಂದನೆಯ ದಿನ ಮತ್ತೆ ಬದನೆಕಾಯಿ. ಹತ್ತು ಬೈಗುಳಗಳಿವೆ. ಮೊನ್ನೆ ಸಂತೆಯಲ್ಲಿ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದು ಎಂಟೇ ನಿಮಿಷದಲ್ಲಿ ಹತ್ತೂ ಮುಗಿದುಹೋದವು. ಇಬ್ಬರೂ ಬೇರೆ ದಾರಿ ಕಾಣದೆ ಮೆಣಸಿನಕಾಯಿ ಕೊಂಡು ಮನೆಗೆ ಹೋದರು. ಕೂಸಿಗೆ ಹತ್ತು ಹೆಸರು, ಹೆಣಕ್ಕೆ ಹತ್ತು ಹೊಗಳಿಕೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೇ ಸಂಜೆ ಯಾರು ಏನು ಹೇಳುತ್ತಾರೆಂದು ಗೊತ್ತಿರುತ್ತದೆ. ಅವರು ಅದನ್ನೇ ಹೇಳುತ್ತಾರೆ.

ಫಕೀರವ್ವನವರ ಬಗ್ಗೆ ನಿಮಗೆ ಹೇಳುವುದು ಹುಬ್ಬಳ್ಳಿಯವರಿಗೆ ಧೂಳು ತೋರಿಸಿದಂತೆ. ಆದರೂ ನಮ್ಮ ಕಡತದಲ್ಲಿರುವಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಇಪ್ಪತ್ತೆರಡು ಕ್ಯಾಸೆಟ್ಟು, ನೂರಾ ನಲವತ್ತು ಜಾನಪದ ಹಾಡು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮದುವೆಯ ಮೈಕಿನಲ್ಲಿ ಇವರದೇ ದನಿ. ಗಂಟಲಿನ ಆಪರೇಷನ್ ಆದ ಮೇಲೆ ಹಾಡಿಲ್ಲ, ಮಾತೂ ಪಿಸುಮಾತು. ನೂರಾ ನಲವತ್ತರಲ್ಲಿ ನಮಗೆ ದಕ್ಕಿದ್ದು ಹತ್ತು. ಹತ್ತನೆಯದು ಟ್ರ್ಯಾಕ್ಟರ್ ಹಾಡು:

ಬಂದಾನವ್ವ ಟ್ರ್ಯಾಕ್ಟರ
ನನ್ನ ಎದಿಯ ಡಾಕ್ಟರ
ಟಿಕೀಟ ಇಲ್ಲದ ಪ್ಯಾಸೆಂಜರ ನಾ
ಅವನ ನನ್ನ ಕಂಡಕ್ಟರ

ನಮ್ಮಲ್ಲಿ ಟ್ರ್ಯಾಕ್ಟರ್ ಇಲ್ಲ. ಆದ್ದರಿಂದ ಪಂಡಿತರು ಈ ನಾಲ್ಕು ಸಾಲಿನ ಮೇಲೆ ಮೂರು ಸಂಪುಟ ಬರೆದಿದ್ದಾರೆ. ಟ್ರ್ಯಾಕ್ಟರ್ ಎಂದರೆ ಮನೆಮನೆಗೆ ಬರುತ್ತಿದ್ದ ವೈದ್ಯ ಎಂಬುದು ಒಂದು ಪಂಥ. ಅಲ್ಲ, ಪ್ರಯಾಣದ ದೇವತೆ ಎಂಬುದು ಇನ್ನೊಂದು. ನಾನು ಅದನ್ನು ಏಳು ಸಾವಿರ ಸಲ ಕೇಳಿದವನು. ನನ್ನ ಅಭಿಪ್ರಾಯದಲ್ಲಿ ಬರೆದವನಿಗೆ ಪ್ರಾಸ ಸಿಕ್ಕಿತು, ಅರ್ಥ ಸಿಗಲಿಲ್ಲ.

ಇಷ್ಟು ಹೊತ್ತು ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ನನ್ನ ಎಮ್ಮೆ. ಹೌದು, ಎಮ್ಮೆಗಳು ಉಳಿದಿವೆ. ಅವಕ್ಕೆ ಯಾರ ಪಟ್ಟಿಯೂ ಬೇಕಾಗಲಿಲ್ಲ. ಹದಿನೈದು ದಿನದ ಹಿಂದೆ ಅದರ ಕರು ಸತ್ತಿತು. ಅಂದಿನಿಂದ ಹಾಲು ಇಳಿಸುತ್ತಿಲ್ಲ. ಕೆಚ್ಚಲು ಕಲ್ಲಾಗಿದೆ, ಮುಟ್ಟಿದರೆ ನಡುಗುತ್ತದೆ. ಹುಲ್ಲಿನತ್ತ ನೋಡುವುದಿಲ್ಲ, ಬಾಗಿಲತ್ತ ನೋಡುತ್ತ ನಿಂತಿರುತ್ತದೆ. ಬಿಸಿನೀರು ಹಾಕಿದೆ, ಬೆಲ್ಲ ಕೊಟ್ಟೆ. ಕೊನೆಗೆ ನನಗೆ ಗೊತ್ತಿರುವುದು ಹಾಡು ಕೇಳಿಸುವುದೊಂದೇ ಎಂದು ಹತ್ತೂ ಹಾಡು ಕೇಳಿಸಿದೆ. ಒಂಬತ್ತಕ್ಕೆ ಸುಮ್ಮನಿತ್ತು. ಟ್ರ್ಯಾಕ್ಟರಿಗೆ ಒದ್ದಿತು.

ಇಂಥ ಎಮ್ಮೆಗೆಂದೇ ಹಾಲು ಕರೆಯುವಾಗ ಹಾಡುವ ಒಂದು ಪದ ಇತ್ತೆಂಬುದು ನನಗೆ ಗೊತ್ತು. ನಿಮ್ಮ ಸಭೆಯಲ್ಲಿ ಅದರದೇ ಮಾತು. ದ್ಯಾಮನಗೌಡರ ಶಾಮಿಯಾನ ಅಂಗಡಿಯ ಅಟ್ಟದ ಮೇಲೆ ನೀವೆಲ್ಲ ಕೂತಿದ್ದೀರಿ. ಒಂಬತ್ತು ಹಾಡು ಆಗಿವೆ, ಹತ್ತನೆಯದಕ್ಕೆ ತಿಕ್ಕಾಟ. ಗಿರಣಿಯ ಇಮಾಮಸಾಬರು ಎಮ್ಮೆ ಪದ ಬೇಕೆನ್ನುತ್ತಾರೆ: ಡೋಲಿಲ್ಲ, ಹಾರ್ಮೋನಿಯಂ ಪೆಟ್ಟಿಗೆಯಿಲ್ಲ, ತಂಬಿಗೆಯಲ್ಲಿ ಹಾಲು ಬೀಳುವ ಸಪ್ಪಳವೇ ತಾಳ. ಕ್ಯಾಸೆಟ್ಟಿನ ಕೊನೆಗೆ ಮೂರು ನಿಮಿಷ ಖಾಲಿ ಉಳಿಯಿತೆಂದು, ಫಕೀರವ್ವ ತಮ್ಮ ತಾಯಿ ಹಾಡುತ್ತಿದ್ದದ್ದನ್ನು ಹಾಗೇ ಹಾಡಿಬಿಟ್ಟದ್ದು. ಅದಕ್ಕೆ ಟ್ರ್ಯಾಕ್ಟರ್ ಓಡಿಸುವ ಗುರುಲಿಂಗ ತಕರಾರು ತೆಗೆಯುತ್ತಾನೆ. ಈ ಭಾಗವನ್ನು ನಮ್ಮ ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ.

"ಟ್ರ್ಯಾಕ್ಟರ್ ಹಾಡಿಲ್ದ ನಮ್ಮೂರಾಗ ಒಂದರ ಮದವಿ ಆಗೇತೇನ್ರಿ? ಮುದುಕ್ರೂ ಕುಣಿತಾರ. ಆ ಎಮ್ಮಿ ಪದಕ್ಕ ಯಾರ ಕುಣಿತಾರ?"

"ಅದು ಕುಣ್ಯಾಕಲ್ಲೋ ತಮ್ಮಾ. ಎಮ್ಮಿ ಸುಮ್ನ ನಿಂದ್ರಾಕ."

"ಹಂಗಾರ ನಿಮ್ಮ ಎಮ್ಮೀನ ಕರಕೊಂಡ ಬಂದು ವೋಟ್ ಹಾಕಸ್ರಿ, ಚಾಚಾ."

"ಅದಕ್ಕ ವೋಟಿದ್ರ ನಿಂದು ಡಿಪಾಜಿಟ್ ಹೋಕ್ಕಿತ್ತು, ಮಗನ."

ಎಲ್ಲರೂ ನಗುತ್ತೀರಿ. ನಗು ನಿಂತ ಮೇಲೆ ಇಮಾಮಸಾಬರು ಗಂಟಲು ಸರಿಮಾಡಿಕೊಂಡು "ಒಂದ ಸಾಲು ಕೇಳ್ರಿ ಇಲ್ಲೆ" ಎಂದು ಶುರು ಮಾಡುತ್ತಾರೆ: "ಇಳಿಸವ್ವ ಹಾ..." ಅಷ್ಟರಲ್ಲಿ ಯಾರೋ "ಚಾ ಬಂತು, ಚಾ! ತಗೋರಿ, ಆರತೈತಿ" ಎನ್ನುತ್ತಾರೆ. ಕಪ್ಪು-ಬಶಿಗಳ ಸಪ್ಪಳ. ಆಮೇಲೆ ಯಾರೂ ಅವರನ್ನು ಹಾಡೆನ್ನುವುದಿಲ್ಲ, ಅವರೂ ಹಾಡುವುದಿಲ್ಲ. ಮಹನೀಯರೇ, ಆ ಪದದಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಒಂದೂವರೆ ಶಬ್ದ. ಅದನ್ನೇ ಹತ್ತು ದಿನ ಹೇಳಿ ನೋಡಿದೆ. ಎಮ್ಮೆ ಕಿವಿ ನಿಮಿರಿಸಿತು, ಮುಂದಿನದಕ್ಕೆ ಕಾಯಿತು. ಮುಂದಿನದು ನನ್ನಲ್ಲಿಲ್ಲ.

ಆಮೇಲೆ ಕೈ ಎತ್ತಿದಿರಿ. ಆರಕ್ಕೆ ಆರು. ಅಧ್ಯಕ್ಷ ದ್ಯಾಮನಗೌಡರು ಕೈ ಎತ್ತಲಿಲ್ಲ. ಯಾರ ಕಡೆ ಹೇಳಿದರೂ ಇನ್ನೊಂದು ಕಡೆಯವರು ಶಾಮಿಯಾನ ಬೇರೆಯವರಿಂದ ತರಿಸುತ್ತಾರೆಂದು ಅವರೇ ಹೇಳಿದ್ದು ಕೇಳುತ್ತದೆ. ಕಾರ್ಯದರ್ಶಿ ಕೈಗಳನ್ನು ಎಣಿಸುತ್ತಿದ್ದ, ಹಾಗಾಗಿ ಅವನೂ ಎತ್ತಿರಲಿಲ್ಲ. "ಶಂಭು, ನೀ ಬಿ.ಎ. ಕಲ್ತಾಂವ, ನೀನ ಹೇಳಪಾ" ಎಂದು ಗೌಡರು ಭಾರ ಅವನ ಮೇಲೆ ಹಾಕಿದರು. ಹನ್ನೊಂದು ಸೆಕೆಂಡು ಮೌನ. ಒಂದು ಕೆಮ್ಮು. ನಂತರ, ಬಹಳ ಸಣ್ಣ ದನಿಯಲ್ಲಿ, "ಟ್ರ್ಯಾಕ್ಟರ್." ಆ ಹನ್ನೊಂದು ಸೆಕೆಂಡಿನ ಮೌನದ ಮೇಲೂ ನಮ್ಮಲ್ಲಿ ಒಂದು ಸಂಪುಟ ಇದೆ. ಕಾರಣ ಮಾತ್ರ ಯಾರಿಗೂ ಹೊಳೆದಿಲ್ಲ.

ಇದನ್ನು ಕಾಲದ ಲೀಲೆ, ನಮ್ಮ ಕೈಯಲ್ಲೇನಿತ್ತು ಎಂದು ನೀವು ತಳ್ಳಿಹಾಕುವಂತಿಲ್ಲ. ಸಭೆಯ ಕೊನೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ: ಬೂಷ್ಟು ಹಿಡಿದ ಟೇಪನ್ನು ತೊಳೆದು, ಅದರಿಂದ ಹಾಡು ತೆಗೆಯಬಲ್ಲ ಒಬ್ಬ ಹಿರಿಯರು ಹುಬ್ಬಳ್ಳಿಯಲ್ಲಿದ್ದಾರೆ. ಅವರಿಗೆ ಕಣ್ಣು ಮಂಜಾಗಿದೆ. ಹತ್ತು ಹಾಡು ಮಾಡಿಕೊಟ್ಟು ಅಂಗಡಿ ಮುಚ್ಚುತ್ತೇನೆ, ಹನ್ನೊಂದನೆಯದು ಕೇಳಬೇಡಿ ಎಂದಿದ್ದಾರೆ. ಗುರುವಾರ ಕ್ಯಾಸೆಟ್ಟುಗಳ ಚೀಲ ಅವರಲ್ಲಿಗೆ ಹೋಗಬೇಕು. ಎಮ್ಮೆ ಪದವಿರುವ ಕ್ಯಾಸೆಟ್ಟು ಇಡೀ ಜಗತ್ತಿನಲ್ಲಿ ಇಮಾಮಸಾಬರ ಬಳಿ ಇರುವುದೊಂದೇ. ಸಾದಾ ಟೇಪ್‌ರೆಕಾರ್ಡರಿಗೆ ಹಾಕಿದರೆ ತುಂಡಾಗುತ್ತದೆ ಎಂದು ಅವರೇ ಎರಡು ಸಲ ಹೇಳುತ್ತಾರೆ. ನೀವು ಚೂಡಾ ತಿನ್ನುತ್ತಿರುತ್ತೀರಿ.

ಆದ್ದರಿಂದ ಇನ್ನೂರ ಅರವತ್ತು ವರ್ಷಗಳ ಆಚೆಯಿಂದ ಕೈಮುಗಿದು ಕೇಳುತ್ತೇನೆ. ಗುರುವಾರದ ಒಳಗೆ ಇನ್ನೊಂದು ಸಭೆ ಕರೆಯಿರಿ. ಹತ್ತನೆಯದನ್ನು ತೆಗೆಯಿರಿ, ಹನ್ನೊಂದನೆಯದನ್ನು ಹಾಕಿರಿ. ಮದುವೆಗೆ ಬೇಕಾದದ್ದು ಮದುವೆಯಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಮುಂದೊಂದು ದಿನ ಕೊಟ್ಟಿಗೆಯಲ್ಲಿ ತಂಬಿಗೆ ಹಿಡಿದು ಕೂತವನ ದಣಿದ ಕೈಗಳ ಮೇಲೆ ಕರುಣೆ ಇರಲಿ ಎಂದು, ನಿಮ್ಮ ಮರಿಮೊಮ್ಮಕ್ಕಳ ಮೊಮ್ಮಕ್ಕಳ ಪರವಾಗಿ...

ಸಾಕು. ಇನ್ನು ಆಗುವುದಿಲ್ಲ. ಕೇಳುಮನೆ, ದಶಕಟ್ಟು, ಒದ್ದ ಎಮ್ಮೆ ಎಲ್ಲವೂ ಸುಳ್ಳು; ನಮ್ಮ ಸಭೆ, ಬರುವ ಗುರುವಾರ ಮಾತ್ರ ನಿಜ. ಇದು ಇದೇ ಸೋಮವಾರ, ಬರೆಯುತ್ತಿರುವವನು ನಿಮ್ಮ ಕಾರ್ಯದರ್ಶಿ ಶಂಭುಲಿಂಗ ಹತ್ತಿಮತ್ತೂರ. ಟ್ರ್ಯಾಕ್ಟರ್ ಹಾಡು ಬರೆದವನು ನಾನು. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಫಕೀರವ್ವನವರಿಗೆ ಬರೆದುಕೊಟ್ಟೆ. ಕ್ಯಾಸೆಟ್ಟಿನ ಮೇಲೆ 'ಸಾಹಿತ್ಯ: ಜಾನಪದ' ಎಂದು ಅಚ್ಚಾಯಿತು. ಇಪ್ಪತ್ತೈದು ವರ್ಷದಿಂದ ನಾನೇ ಜಾನಪದ. ಈ ಸಲ ಹೊಸದಾಗಿ ಹೊರತರುವ ಹತ್ತು ಹಾಡಿಗೂ ಬರೆದವರ ಹೆಸರು ಹಾಕುತ್ತಾರೆಂದು ಕೇಳಿ ಸಭೆಯಲ್ಲಿ ನಾಲಿಗೆ ಹಾಗೆ ಹೊರಳಿತು. ಎದುರಿಗೆ ಕೂತು ಹೇಳುವ ಧೈರ್ಯವಿಲ್ಲದೆ ಇಷ್ಟು ದೂರ ಹೋಗಿ ಬಂದೆ. ಇವತ್ತು ಬೆಳಿಗ್ಗೆ ಫಕೀರವ್ವ ಫೋನ್ ಮಾಡಿದ್ದರು. "ನಮ್ಮವ್ವನ ಎಮ್ಮಿ ಪದ ಐತೇನಪಾ ಪಟ್ಯಾಗ?" ಎಂದು ಆ ಪಿಸುದನಿಯಲ್ಲೇ ಕೇಳಿದರು.

ಐತ್ರಿ ಅಮ್ಮಾ ಅಂದೆ.