ಮೊಳೆಯದ ಬೀಜ

ಮಗಳೇ,

ವಿಳಾಸ ಕೊಡದೆ ಮನೆ ಬಿಟ್ಟು ಹೋದವಳಿಗೆ ಕಾಗದ ಬರೆಯುತ್ತ ಕೂತಿದ್ದೇನೆ. ಸುಸ್ತಾಗಿದೆ. ಈ ವಾರವೆಲ್ಲ ನನ್ನ ಎರಡನೇ ತರಗತಿಯಲ್ಲಿ ‘ಮಾಡಿ ಕಲಿ’ ಚಟುವಟಿಕೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ಸೋಮವಾರ ಮಕ್ಕಳೆಲ್ಲ ಕಾಗದದ ಲೋಟದಲ್ಲಿ ಮಣ್ಣು ತುಂಬಿ ಬೀನ್ಸ್ ಬೀಜ ಊರಿದರು. ದಿನಾ ನೀರು ಹಾಕಿ, ಕಂಡದ್ದರ ಚಿತ್ರ ಬಿಡಿಸಬೇಕು. ಇವತ್ತು ಶುಕ್ರವಾರ ನೋಡಿದರೆ ಎಲ್ಲರದೂ ಮೊಳೆತಿದೆ, ಮುಂದಿನ ಬೆಂಚಿನ ಪುಟಾಣಿಯದು ಮಾತ್ರ ಇಲ್ಲ.

“ನೀರು ಹಾಕಿಲ್ವೇನೇ?” ಎಂದು ಗದರಿದೆ.

“ಹಾಕ್ದೆ ಮಿಸ್. ಬೇರು ಬಂತಾ ಅಂತ ದಿನಾ ತೆಗೆದು ನೋಡ್ತಿದ್ದೆ. ನಂಗೆ ಅದು ಅಂದ್ರೆ ತುಂಬಾ ಇಷ್ಟ.”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಸಂಜೆ ಬಡಗಿಯನ್ನು ಕರೆಸಿದೆ. ನೀನು ಹತ್ತನೇ ತರಗತಿಯಲ್ಲಿದ್ದಾಗ ನಿನ್ನ ಕೋಣೆಯ ಒಳಚಿಲಕ ಕೀಳಿಸಿದ್ದೆನಲ್ಲ, ಆ ಮೊಳೆಯ ತೂತುಗಳು ಇನ್ನೂ ಹಾಗೇ ಇದ್ದವು.

“ಯಾರೂ ಇಲ್ಲದ ರೂಮಿಗೆ ಒಳಗಡೆ ಚಿಲಕ ಯಾಕಮ್ಮ?” ಎಂದ.

“ನೀನು ಹಾಕಪ್ಪ” ಎಂದೆ.

ಅವನು ಹೋದ ಮೇಲೆ ಹೊರಗೆ ನಿಂತು ಬಾಗಿಲು ತಟ್ಟಿದೆ. ಆ ಬಾಗಿಲನ್ನು ನಾನು ತಟ್ಟಿದ್ದು ಇದೇ ಮೊದಲು.

ಅಮ್ಮ