ನಲವತ್ತೊಂದನೇ ಸೆಕೆಂಡು

ಗದಗ, ಫೆಬ್ರವರಿ 31, 2291

ಪೂಜ್ಯ ಮೃತ್ಯುಂಜಯಜ್ಜನವರಿಗೆ, ನಿಮ್ಮ ಹನ್ನೊಂದನೇ ತಲೆಮಾರಿನ ಲೀಲಗಂಗಾ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ಯಾಕೆಂದು ಹೇಳುತ್ತ ಕೂತರೆ ಕಾಗದ ಇಲ್ಲೇ ಮುಗಿಯುತ್ತದೆ. ನಿಮಗಿನ್ನೂ ಮೂವತ್ತನಾಲ್ಕು ವರ್ಷ, ಅಜ್ಜ ಎಂದು ಕರೆದದ್ದಕ್ಕೆ ಕ್ಷಮೆಯಿರಲಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ನೋಟ್‌ಬುಕ್ ಓದಿ ಓದಿ ಕಲಿತವಳು. ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಂದು ಮನೆತನಕ್ಕೆ ಒಂದೇ ಪತ್ರ, ಅದೂ ಒಂದೇ ಸಲ. ನಿಮ್ಮ ಕಾಲದಲ್ಲಿ ಜಾಗ ಅಗ್ಗವಾಗಿತ್ತಲ್ಲ, ನಮಗಾಗಿ ಒಂದಿಷ್ಟು ಕೊಂಡಿಡಿ ಎಂದು ನಿಮಗೆ ಬರೆಯೋಣ ಅಂತ ನಮ್ಮಣ್ಣ ಹಟ ಹಿಡಿದ. ನಾನು ಬಿಡಲಿಲ್ಲ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ.

ಮೊದಲೇ ಹೇಳಿಬಿಡುತ್ತೇನೆ: ನನಗೆ ನಿಮ್ಮ ಮೇಲೆ ವಿಪರೀತ ಹೊಟ್ಟೆಕಿಚ್ಚು.

ನಮ್ಮಲ್ಲಿ ಹುಟ್ಟಿದ ಐದನೇ ದಿನ ಮಗುವಿನ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಕಿವಿಬೀಜ ಕೂರಿಸುತ್ತಾರೆ. ಹಾಡು ನೇರ ಅದರೊಳಗೇ ಬರುತ್ತದೆ. ಅಪಸ್ವರವಿದ್ದರೆ ತಿದ್ದುತ್ತದೆ, ಕೆಮ್ಮು, ಪಾತ್ರೆಯ ಸದ್ದು ಇದ್ದರೆ ಒರೆಸಿಹಾಕುತ್ತದೆ, ಅವರವರ ರುಚಿಗೆ ತಕ್ಕ ಹಾಗೆ ಹಾಡುವವರ ದನಿಯನ್ನೂ ಬದಲಿಸುತ್ತದೆ. ಗಂಡ ಹೆಂಡತಿ ಒಂದೇ ಜೋಕಾಲಿಯಲ್ಲಿ ಕೂತು ಒಂದೇ ಹಾಡು ಹಚ್ಚಿಕೊಂಡರೂ ಇಬ್ಬರಿಗೂ ಕೇಳಿಸುವುದು ಬೇರೆ ಬೇರೆ. ನಿಮಗಾದರೋ ಒಂದು ಕೋಣೆ, ಎರಡು ಸ್ಪೀಕರು, ಅಲ್ಲಿ ಯಾರು ಬಂದು ಕೂತರೂ ಒಂದೇ ದನಿ. ಇಷ್ಟೆಲ್ಲ ಇದ್ದೂ ನಿಮ್ಮ ನೋಟ್‌ಬುಕ್ ತುಂಬ ಬರೀ ಗೊಣಗಾಟ. ಕಂಪ್ಯೂಟರಿನಿಂದ ನೇರವಾಗಿ ಕೇಳಿದರೆ ಗುಂಯ್ ಎನ್ನುತ್ತದೆ ಎಂದು ಯುಎಸ್‌ಬಿ ಕನ್ವರ್ಟರ್ ತರಿಸಿದಿರಿ. ಅಂಕಿಗಳಾಗಿ ಕೂತ ಹಾಡನ್ನು ದನಿಯಾಗಿಸಿ ಆಂಪ್ಲಿಫೈಯರಿಗೆ ದಾಟಿಸುವ ಅಂಗೈಯಗಲದ ಪೆಟ್ಟಿಗೆ. ಅದು ಬಂದ ಮೇಲೂ ಸಮಾಧಾನವಿಲ್ಲ. ಲ್ಯಾಪ್‌ಟಾಪಿಗೆ ಚಾರ್ಜರು ಹಾಕಿದರೆ ಗುಂಯ್, ತೆಗೆದರೆ ಇಲ್ಲ. ಈ ಕೇಬಲ್ಲಿಗೆ ದನಿ ಚೂಪು, ಆ ಕೇಬಲ್ಲಿಗೆ ಮಂದ. ಹಾಡು ಹೇಗಿತ್ತು ಎಂದು ಒಂದು ಸಾಲೂ ಇಲ್ಲ.

ಪತ್ರ ನಿಮಗೆ ಶುಕ್ರವಾರ ಸಂಜೆ ತಲುಪಬೇಕು. ನಾಳೆ ಶನಿವಾರ, 2015ರ ನವೆಂಬರ್ 14, ನೀವು ಎರಡು ಕೇಬಲ್ ಹೋಲಿಸಲು ಕೂರುತ್ತೀರಿ. ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿ ತೂಗಿ ನೋಡುವುದು ನಿಮ್ಮಂಥವರ ಪದ್ಧತಿ. ಅದಕ್ಕೆ ನೀವು ಆರಿಸುವುದು, ನಿಮ್ಮ ಹೆಂಡತಿ ನೀಲಗಂಗಾ ಮಗಳು ಶಿವಲೀಲಾಳನ್ನು ತೂಗುತ್ತ ಹಾಡಿದ ತೊಟ್ಟಿಲ ಪದ. ನೀವೇ ರೆಕಾರ್ಡ್ ಮಾಡಿದ್ದು. ನೋಟ್‌ಬುಕ್ಕಿನಲ್ಲಿ ಹೀಗಿದೆ: "ಮೊದಲ ನಲವತ್ತು ಸೆಕೆಂಡು ಸ್ವಚ್ಛ. ನಲವತ್ತೊಂದರಲ್ಲಿ ಮಗುವಿನ ನಗು. ಪರೀಕ್ಷೆಗೆ ಯೋಗ್ಯವಲ್ಲ. ಕತ್ತರಿಸಿ, ಉಳಿದದ್ದನ್ನು ಅಳಿಸಿದೆ."

ಆರು ತಿಂಗಳ ನಂತರದ ಪುಟದಲ್ಲಿ 'ಅಡಚಣೆ' ಎಂಬ ತಲೆಬರಹದ ಕೆಳಗೆ ನೀಲಗಂಗಜ್ಜಿಯ ಮಾತೂ ಇದೆ. "ಅದೊಂದ ತುಣುಕು ಎಷ್ಟ್ ಸಲ ಹಚ್ಚತೀರಿ? ನಾ ಇಲ್ಲೇ ಅದೀನಲ್ರೀ, ಪೂರಾ ಹಾಡ್ತೀನಿ, ಕೇಳ್ರಿ." ನಿಮ್ಮ ಉತ್ತರ: "ತಡಿ, ಇನ್ನೊಂದು ಕೇಬಲ್ ನೋಡೂದೈತಿ." ಇದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಪಕ್ಕದಲ್ಲೇ ನಿಂತವಳನ್ನು ಸುಮ್ಮನಾಗಿಸಿ, ಅವಳದೇ ದನಿಯನ್ನು ಪೆಟ್ಟಿಗೆಯಲ್ಲಿ ಹುಡುಕುತ್ತ ಕೂತಿದ್ದಿರಲ್ಲ! ಆ ಜಾಗದಲ್ಲಿ ನಾನಿರಬೇಕಿತ್ತು.

ನಮಗೆ ಉಳಿದದ್ದು ಆ ನಲವತ್ತು ಸೆಕೆಂಡು ಮಾತ್ರ. ನಿಮ್ಮ ಕನ್ವರ್ಟರ್ ಪೆಟ್ಟಿಗೆಯೂ ಇದೆ; ಒಳಗಿನದ್ದೆಲ್ಲ ಬದಲಾಗಿ ಈಗ ಅದೇ ದನಿ ಹೊರಡಿಸುತ್ತದೆ, ಹೊರಗಿನ ತಗಡಷ್ಟೇ ನಿಮ್ಮದು. ಮಕ್ಕಳಿಗೆ ಹೆಸರಿಡುವ ದಿನ ಮನೆಮಂದಿಯೆಲ್ಲ ಕಿವಿಬೀಜ ಬಂದ್ ಮಾಡಿ ಅದರ ಮುಂದೆ ಕೂರುತ್ತೇವೆ. ಹಾಡು ಅರ್ಧಕ್ಕೇ ನಿಲ್ಲುತ್ತದೆ. ಉಳಿದದ್ದು ಎಷ್ಟು ಉದ್ದವಿತ್ತೋ ಯಾರಿಗೂ ಗೊತ್ತಿಲ್ಲ. ಹಿರಿಯರು ಯಾರಾದರೂ ಗಂಟಲು ಸರಿಮಾಡಿಕೊಳ್ಳುವವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತೇವೆ. ಕೇಳಿಕೊಂಡರೆ ಕಿವಿಬೀಜ ಉಳಿದ ಹಾಡನ್ನು ತಾನೇ ಕಟ್ಟಿಕೊಡುತ್ತದೆ, ಬಲು ಸೊಗಸಾಗಿ. ನಾನೂ ಒಮ್ಮೆ ಕದ್ದು ಕೇಳಿದೆ. ಅದರಲ್ಲಿ ಮಗು ನಗಲಿಲ್ಲ.

ಅಜ್ಜಾ, ನಾಳೆ ಎಷ್ಟು ಕೇಬಲ್ ಬೇಕಾದರೂ ಹೋಲಿಸಿ. ತುಣುಕನ್ನೂ ಮಾಡಿಕೊಳ್ಳಿ. ಪೂರ್ತಿ ಹಾಡನ್ನು ಮಾತ್ರ ಅಳಿಸಬೇಡಿ. ಯೋಗ್ಯವಲ್ಲ ಎಂದು ನೀವು ಬರೆಯಲಿರುವ ಆ ನಗು ನಕ್ಕವಳಿಂದಲೇ ನಾವೆಲ್ಲ ಬಂದದ್ದು.

ಬರುವ ಗುರುವಾರ ನನ್ನ ಮೊಮ್ಮಗಳಿಗೆ ಹೆಸರಿಡುತ್ತೇವೆ. ಮಾತು ಬಿಟ್ಟಿದ್ದರೂ ಅಣ್ಣ ಬರುತ್ತಾನಂತೆ. ಪೆಟ್ಟಿಗೆ ಜೋಡಿಸುವವಳು ನಾನೇ. ನಲವತ್ತರವರೆಗೆ ಎಣಿಸಿ, ನಲವತ್ತೊಂದಕ್ಕೆ ಕಿವಿಗೊಟ್ಟು ಕೂತಿರುತ್ತೇನೆ.